ಗ್ರೀಕ್ ಮತ್ತು ಲ್ಯಾಟಿನ್ ಪಠ್ಯಪುಸ್ತಕಗಳ ಪರಿಷ್ಕರಣೆ: ಕನ್ನಡ ವಿದ್ಯಾರ್ಥಿಯ ದೃಷ್ಟಿಯಿಂದ

ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯನ್ನು ಕಲಿಸುವ ಪಠ್ಯಪುಸ್ತಕಗಳ ಆಯುಸ್ಸು ದೀರ್ಘವಾದದ್ದು. ಎಚ್. ಪಿ. ವಿ. ನನ್ ಅವರು 1914ರಲ್ಲಿ ಕೇಂಬ್ರಿಜ್‌ನಿಂದ ಹೊರತಂದ ಆರಂಭಿಕ ಪುಸ್ತಕವನ್ನು ಅರ್ಧ ಶತಮಾನದ ತರುವಾಯ, 1965ರಲ್ಲಿ, ಜೆ. ಡಬ್ಲ್ಯು. ವೆನ್‌ಹ್ಯಾಮ್ ಅವರು ಹೊಸದಾಗಿ ಬರೆದರು. ಅದನ್ನು 2005ರಲ್ಲಿ ಜೆರೆಮಿ ಡಫ್ ಅವರು ಪುನಃ ಪರಿಷ್ಕರಿಸಿದರು. ಅಮೆರಿಕದಲ್ಲಿ ಗ್ರೆಶಮ್ ಮೇಚನ್ ಅವರ ಪುಸ್ತಕ 1923ರಲ್ಲಿ ಹುಟ್ಟಿತು; ಅದರ ಎರಡನೆಯ ಪರಿಷ್ಕೃತ ಆವೃತ್ತಿ ಬಂದದ್ದು 2004ರಲ್ಲಿ, ಅಂದರೆ ಎಂಬತ್ತೊಂದು ವರ್ಷಗಳ ಅನಂತರ. ಈ ನಡುವೆ ಓದಿ ಹೊರಬಂದ ಸಭಾಪಾಲಕರ ಮೂರು ತಲೆಮಾರುಗಳು ಒಂದೇ ಪುಸ್ತಕದ ವಾಕ್ಯಗಳನ್ನು ಬಾಯಿಪಾಠ ಮಾಡಿದವು. ಇದರಲ್ಲಿ ತಪ್ಪೇನೂ ಇಲ್ಲ ಎಂದು ಮೊದಲ ನೋಟಕ್ಕೆ ತೋರಬಹುದು. ಸತ್ತ ಭಾಷೆಯೆಂದು ಕರೆಯಲ್ಪಡುವ ಭಾಷೆಯ ವ್ಯಾಕರಣ ಬದಲಾಗುವುದುಂಟೇ?

ಭಾಷೆ ಬದಲಾಗದು, ಭಾಷೆಯ ಕುರಿತ ನಮ್ಮ ತಿಳಿವಳಿಕೆ ಬದಲಾಗುತ್ತದೆ. ಪಠ್ಯಪುಸ್ತಕದಲ್ಲಿ ಉಳಿದುಬಿಟ್ಟ ಹಳೆಯ ತಿಳಿವಳಿಕೆಯು ಪುಸ್ತಕದೊಳಗೇ ಇರುವುದಿಲ್ಲ. ಅದು ಪ್ರಸಂಗಪೀಠವನ್ನು ಏರುತ್ತದೆ, ವಿವಾದಗಳಲ್ಲಿ ಸಾಕ್ಷಿಯಾಗಿ ನಿಲ್ಲುತ್ತದೆ, ಕೆಲವೊಮ್ಮೆ ಸಭೆಗಳನ್ನು ಒಡೆಯುವ ವಾದಕ್ಕೆ ಆಧಾರವೂ ಆಗುತ್ತದೆ. ಆದುದರಿಂದ ಪರಿಷ್ಕರಣೆಯೆಂದರೆ ಹೊಸ ಮುಖಪುಟವಾಗಲಿ, ಅಭ್ಯಾಸಗಳ ಸಂಖ್ಯೆಯನ್ನು ಹೆಚ್ಚಿಸುವುದಾಗಲಿ ಅಲ್ಲ. ಯಾವ ವರ್ಗೀಕರಣಗಳ ಮೂಲಕ ನಾವು ಗ್ರೀಕನ್ನು ನೋಡುತ್ತಿದ್ದೇವೆ, ಆ ವರ್ಗೀಕರಣಗಳು ಎಲ್ಲಿಂದ ಬಂದವು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಕನ್ನಡವನ್ನು ಮನೆಮಾತಾಗಿ ಉಳ್ಳ ವಿದ್ಯಾರ್ಥಿಯು ಇಂಗ್ಲಿಷಿನ ಮೂಲಕ ಗ್ರೀಕನ್ನು ಕಲಿಯುವಾಗ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ. ಒಂದು ಪಾರಿಭಾಷಿಕ ಪದವನ್ನು ಹಿಡಿದು ಇದನ್ನು ವಿವರಿಸಲು ಯತ್ನಿಸುತ್ತೇವೆ.

ಆ ಪದ ‘ಡೆಪೊನೆಂಟ್’. ಗ್ರೀಕ್ ತರಗತಿಯ ಮೊದಲ ಕೆಲವು ವಾರಗಳಲ್ಲಿಯೇ ವಿದ್ಯಾರ್ಥಿಯು ‘ಎರ್ಖೊಮೈ’ (ಬರುತ್ತೇನೆ), ‘ಗೀನೊಮೈ’ (ಆಗುತ್ತೇನೆ) ಮುಂತಾದ ಕ್ರಿಯಾಪದಗಳನ್ನು ಎದುರಿಸುತ್ತಾನೆ. ಇವುಗಳಿಗೆ ‘-ಓ’ ಎಂಬ ಕರ್ತರಿ ಪ್ರತ್ಯಯವಿಲ್ಲ. ‘-ಒಮೈ’ ಎಂಬ ಪ್ರತ್ಯಯವಿದೆ. ಹಳೆಯ ಪಠ್ಯಪುಸ್ತಕ ಕೊಡುವ ವಿವರಣೆ ಸರಳ: ಇವು ರೂಪದಲ್ಲಿ ಕರ್ಮಣಿ ಅಥವಾ ಮಧ್ಯಮ, ಅರ್ಥದಲ್ಲಿ ಮಾತ್ರ ಕರ್ತರಿ, ತಮ್ಮ ಕರ್ತರಿ ರೂಪವನ್ನು ಇವು ‘ಕೆಳಗಿಟ್ಟಿವೆ’. ಕೆಳಗಿಡು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದಲೇ ಆ ಹೆಸರು ಬಂದಿದೆ. ಲ್ಯಾಟಿನ್ ವೈಯಾಕರಣರು ತಮ್ಮ ಭಾಷೆಗಾಗಿ ಮಾಡಿಕೊಂಡ ಹೆಸರನ್ನು ಮುಂದಿನವರು ಗ್ರೀಕಿಗೂ ತೊಡಿಸಿದರು. ದಿಯೊನೀಸಿಯೊಸ್ ಥ್ರಾಕ್ಸನ ಹೆಸರಿನಲ್ಲಿ ಬಂದಿರುವ ಪ್ರಾಚೀನ ಗ್ರೀಕ್ ವ್ಯಾಕರಣವಾದರೋ ಕರ್ತರಿ, ಕರ್ಮಣಿ, ಇವೆರಡರ ನಡುವಣದು ಎಂದು ಮೂರನ್ನು ಹೇಳಿ ಸುಮ್ಮನಾಗುತ್ತದೆ. ಏನನ್ನೋ ಕೆಳಗಿಟ್ಟ ಕ್ರಿಯಾಪದಗಳ ಪಂಗಡವೊಂದು ಅದರಲ್ಲಿಲ್ಲ.

ಈ ಹೆಸರು ಸರಿಯಲ್ಲ ಎಂಬುದು ಇತ್ತೀಚಿನ ಶೋಧವೂ ಅಲ್ಲ. ಜೇಮ್ಸ್ ಹೋಪ್ ಮೌಲ್ಟನ್ ಅವರು 1906ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿಯೂ, ಎ. ಟಿ. ರಾಬರ್ಟ್‌ಸನ್ ಅವರು 1914ರ ತಮ್ಮ ಬೃಹತ್ ವ್ಯಾಕರಣದಲ್ಲಿಯೂ ಈ ಪದದ ಬಗ್ಗೆ ಅಸಮಾಧಾನವನ್ನು ಬರೆದಿಟ್ಟಿದ್ದರು. ನನ್ ಅವರ ಪುಸ್ತಕ ಹುಟ್ಟಿದ ವರ್ಷವೂ ಅದೇ 1914 ಎಂಬುದನ್ನು ಗಮನಿಸಬೇಕು. ದೊಡ್ಡ ವ್ಯಾಕರಣಕ್ಕೆ ಗೊತ್ತಿದ್ದ ಸಂಗತಿಯು ಚಿಕ್ಕ ಪಠ್ಯಪುಸ್ತಕವನ್ನು ತಲುಪಲು ಸುಮಾರು ನೂರು ವರ್ಷಗಳು ಬೇಕಾದವು. ಭಾಷಾವಿಜ್ಞಾನಿ ಸುಸಾನ್ ಕೆಮ್ಮರ್ ಅವರು 1993ರಲ್ಲಿ ಜಗತ್ತಿನ ಹಲವು ಭಾಷೆಗಳನ್ನು ಹೋಲಿಸಿ, ರಟ್ಗರ್ ಆಲನ್ ಅವರು 2003ರಲ್ಲಿ ಪ್ರಾಚೀನ ಗ್ರೀಕನ್ನೇ ಕುರಿತು, ಈ ನಡುವಣ ಪ್ರಯೋಗದ ಅಧ್ಯಯನ ನಡೆಸಿದ ಮೇಲೆ ಹೊಸ ಒಡಂಬಡಿಕೆಯ ವಿದ್ವಾಂಸರಲ್ಲಿಯೂ ಚರ್ಚೆ ಬಲವಾಯಿತು. 2014ರಲ್ಲಿ ಹೊರಬಂದ ರಾಡ್ನಿ ಡೆಕ್ಕರ್ ಅವರ ಪಠ್ಯಪುಸ್ತಕ ‘ಡೆಪೊನೆಂಟ್’ ವರ್ಗವನ್ನು ಬಿಟ್ಟುಕೊಟ್ಟಿತು. ಇಷ್ಟು ವಿಳಂಬಕ್ಕೆ ಕಾರಣ ಅಜ್ಞಾನವೊಂದೇ ಎನ್ನಲಾಗದು. ಅಧ್ಯಾಪಕನು ತಾನು ಕಲಿತ ಪುಸ್ತಕವನ್ನೇ ಕಲಿಸುತ್ತಾನೆ. ಪ್ರಶ್ನಪತ್ರಿಕೆ ಅದೇ ಪದವನ್ನು ಕೇಳುತ್ತದೆ. ನಿಘಂಟು, ಪದಾನುಕ್ರಮಣಿಕೆ, ಈಗಿನ ಕಂಪ್ಯೂಟರ್ ತಂತ್ರಾಂಶಗಳವರೆಗೆ ಎಲ್ಲೆಡೆ ಅದೇ ಗುರುತು ಅಚ್ಚಾಗಿದೆ. ಒಂದನ್ನು ತಿದ್ದಿದರೆ ಉಳಿದವುಗಳೊಂದಿಗೆ ಅದು ಹೊಂದುವುದಿಲ್ಲ.

ಸಂಸ್ಕೃತವನ್ನು ಸ್ವಲ್ಪವಾದರೂ ಬಲ್ಲ ನಮ್ಮ ಓದುಗರಿಗೆ ಈ ವಿವಾದವೇ ವಿಚಿತ್ರವಾಗಿ ತೋರೀತು. ಪಾಣಿನಿಯ ಪರಂಪರೆಯಲ್ಲಿ ಪರಸ್ಮೈಪದ, ಆತ್ಮನೇಪದ ಎಂಬ ಎರಡು ಪ್ರತ್ಯಯಗಣಗಳಿವೆ. ಮೊದಲನೆಯದು ‘ಪರನಿಗಾಗಿ’, ಎರಡನೆಯದು ‘ತನಗಾಗಿ’. ಕ್ರಿಯೆಯ ಫಲವು ಕರ್ತೃವಿಗೇ ಸಲ್ಲುವಾಗ ಆತ್ಮನೇಪದ ಎಂಬುದು ಉಭಯಪದಿ ಧಾತುಗಳ ವಿಷಯದಲ್ಲಿ ಅಷ್ಟಾಧ್ಯಾಯಿಯ ನಿಯಮ. ಬೇರೊಬ್ಬನಿಗಾಗಿ ಯಜ್ಞವನ್ನು ನಡೆಸಿಕೊಡುವ ಪುರೋಹಿತನು ‘ಯಜತಿ’. ತನ್ನ ಫಲಕ್ಕಾಗಿ ಯಜ್ಞ ಮಾಡುವ ಯಜಮಾನನು ‘ಯಜತೇ’. ಇನ್ನು ಆತ್ಮನೇಪದದಲ್ಲಿ ಮಾತ್ರ ಬರುವ ಧಾತುಗಳೂ ಅನೇಕ. ಅವು ತಮ್ಮ ಪರಸ್ಮೈಪದವನ್ನು ಕಳಚಿಟ್ಟ ಧಾತುಗಳೆಂದು ಯಾವ ಶಾಸ್ತ್ರಿಯೂ ಪಾಠ ಹೇಳಲಿಲ್ಲ. ಅವು ಸ್ವಭಾವದಿಂದಲೇ ಆತ್ಮನೇಪದಿಗಳು, ಅಷ್ಟೇ.

ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಬಾಂಧವ್ಯ ಎಲ್ಲರೂ ಬಲ್ಲ ವಿಷಯ. ಆ ಬಾಂಧವ್ಯ ಇಲ್ಲಿ ಕಣ್ಣಿಗೆ ಕಾಣುವಂತಿದೆ. ‘ಹಿಂಬಾಲಿಸುತ್ತಾನೆ’ ಎಂಬ ಅರ್ಥಕ್ಕೆ ಸಂಸ್ಕೃತದಲ್ಲಿ ‘ಸಚತೇ’, ಗ್ರೀಕಿನಲ್ಲಿ ‘ಹೆಪೆತೈ’, ಲ್ಯಾಟಿನ್ನಿನಲ್ಲಿ ‘ಸೆಕ್ವಿತುರ್’. ಮೂರೂ ಒಂದೇ ಧಾತುವಿನ ಸಂತತಿ. ಮೂರರಲ್ಲಿಯೂ ಕರ್ತರಿಯಲ್ಲದ ಪ್ರತ್ಯಯ. ‘ಕುಳಿತಿದ್ದಾನೆ’ ಎಂಬುದಕ್ಕೆ ಸಂಸ್ಕೃತದ ‘ಆಸ್ತೇ’, ಗ್ರೀಕಿನ ‘ಹೇಸ್ತೈ’ ಕೂಡ ಹಾಗೆಯೇ; ಸುವಾರ್ತೆಗಳಲ್ಲಿ ನಾವು ಕಾಣುವ ‘ಕಥೇಮೈ’ ಈ ಎರಡನೆಯದರಿಂದಲೇ ಆದದ್ದು. ಲ್ಯಾಟಿನ್ ‘ಸೆಕ್ವಿತುರ್’ ಡೆಪೊನೆಂಟ್ ಪಟ್ಟಿಯಲ್ಲಿ ವಿದ್ಯಾರ್ಥಿಗಳು ಕಲಿಯುವ ಮೊದಲ ಪದಗಳಲ್ಲೊಂದು. ಹೀಗಿರುವಾಗ ಈ ಕ್ರಿಯಾಪದಗಳು ಕೆಳಗಿಟ್ಟದ್ದೇನು? ಅವು ತಂದೆತಾಯಿಗಳಿಂದ ಪಡೆದ ರೂಪವನ್ನೇ ಜೋಪಾನ ಮಾಡಿಕೊಂಡು ಬಂದಿವೆ.

‘ಕೊಳ್ಳು’ ಎಂಬ ಸಹಾಯ

ಆದರೆ ಸಂಸ್ಕೃತದ ತನಕ ಹೋಗಬೇಕಾದ ಅಗತ್ಯವೂ ಕನ್ನಡಿಗನಿಗಿಲ್ಲ. ಸೆಮಿನರಿಗೆ ಬರುವ ಬಹುಮಂದಿ ವಿದ್ಯಾರ್ಥಿಗಳಿಗೆ ಸಂಸ್ಕೃತ ವ್ಯಾಕರಣ ತಿಳಿದಿರುವುದಿಲ್ಲ. ಕನ್ನಡ ಮಾತ್ರ ಚೆನ್ನಾಗಿ ತಿಳಿದಿರುತ್ತದೆ. ಕನ್ನಡವು ಗ್ರೀಕಿನ ಕುಟುಂಬಕ್ಕೆ ಸೇರಿದ ಭಾಷೆಯಲ್ಲ. ಆದರೂ ಕ್ರಿಯೆಯು ಕರ್ತೃವಿನ ಕಡೆಗೇ ಮರಳುವುದನ್ನು ತೋರಿಸಲು ಅದು ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದವನ್ನು ಇಟ್ಟುಕೊಂಡಿದೆ. ‘ತೊಳೆದನು’ ಎಂದರೆ ಬೇರೆ ಏನನ್ನೋ ತೊಳೆದನು. ‘ತೊಳೆದುಕೊಂಡನು’ ಎಂದರೆ ತನ್ನದನ್ನು ತೊಳೆದನು. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಕ್ರಿಯಾಪದದ ರೂಪ ಒಂದೇ. ಆದುದರಿಂದ ಇಂಗ್ಲಿಷ್ ಪಠ್ಯಪುಸ್ತಕಕ್ಕೆ ಗ್ರೀಕಿನ ಈ ಭೇದವು ವಿವರಿಸಲೇಬೇಕಾದ ಒಂದು ವಿಲಕ್ಷಣತೆಯಾಗಿ ಕಂಡಿತು. ವಿಲಕ್ಷಣತೆ ಇದ್ದದ್ದು ಗ್ರೀಕಿನಲ್ಲಲ್ಲ, ನೋಡುವವನ ಭಾಷೆಯಲ್ಲಿ.

ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯವನ್ನು ತೆಗೆದುಕೊಳ್ಳೋಣ. ಯೇಸು ಶಿಷ್ಯರ ಕಾಲುಗಳನ್ನು ತೊಳೆಯಲು ತೊಡಗುವಲ್ಲಿ, 5ನೆಯ ವಚನದಲ್ಲಿ, ಕರ್ತರಿ ರೂಪವಾದ ‘ನಿಪ್ತೆಯಿನ್’ ಇದೆ. 10ನೆಯ ವಚನದಲ್ಲಿ, ಸ್ನಾನಮಾಡಿದವನಿಗೆ ಇನ್ನೇನು ಅವಶ್ಯವೆಂದು ಹೇಳುವಾಗ, ‘ನಿಪ್ಸಸ್ಥೈ’ ಎಂಬ ಆತ್ಮನೇಪದವಿದೆ. ಕನ್ನಡದಲ್ಲಿ ಮೊದಲನೆಯದು ತೊಳೆಯುವುದು. ಎರಡನೆಯದು ತೊಳೆದುಕೊಳ್ಳುವುದು, ಅಥವಾ ಸಂದರ್ಭವನ್ನು ನೋಡಿದರೆ ತೊಳೆಸಿಕೊಳ್ಳುವುದು. ಪೇತ್ರನು ಒಪ್ಪದೆ ಹೋದದ್ದು ಈ ‘ತೊಳೆಸಿಕೊಳ್ಳುವ’ ಸ್ಥಿತಿಯನ್ನೇ ಅಲ್ಲವೇ? ಮತ್ತಾಯನ 27ನೆಯ ಅಧ್ಯಾಯದಲ್ಲಿ ಪಿಲಾತನು ಕೈ ತೊಳೆದುಕೊಂಡನೆಂಬಲ್ಲಿ ‘ಅಪೆನಿಪ್ಸತೊ’, ಅದಕ್ಕೆ ಮುಂಚೆ ಯೂದನು ಉರುಲು ಹಾಕಿಕೊಂಡನೆಂಬಲ್ಲಿ ‘ಅಪೇಂಕ್ಸತೊ’. ಎರಡೂ ಆತ್ಮನೇಪದ, ಎರಡಕ್ಕೂ ಕನ್ನಡದಲ್ಲಿ ‘ಕೊಂಡನು’ ತಾನಾಗಿ ಬರುತ್ತದೆ. ‘ಡೆಪೊನೆಂಟ್’ ಎಂದು ಬೇರ್ಪಡಿಸಿದ ಪಟ್ಟಿಯನ್ನು ನೋಡಿದರೂ ಇದೇ ಕಥೆ: ಬೇಡಿಕೊಳ್ಳು (ದೆಒಮೈ), ನೆನಪಿಸಿಕೊಳ್ಳು (ಮಿಮ್ನೇಸ್ಕೊಮೈ), ನಾಚಿಕೊಳ್ಳು (ಐಸ್ಖೂನೊಮೈ), ಕುಳಿತುಕೊಳ್ಳು (ಕಥೇಮೈ), ಮಲಗಿಕೊಳ್ಳು (ಕೊಯ್ಮಾಒಮೈ). ಮನಸ್ಸಿನೊಳಗೆ ನಡೆಯುವ ಕ್ರಿಯೆಗಳು, ದೇಹದ ಭಂಗಿಗಳು, ತನಗಾಗಿ ಮಾಡುವ ಬಿನ್ನಹಗಳು ಎಂದು ಕೆಮ್ಮರ್ ಅವರು ಗುರುತಿಸಿದ ಪಂಗಡಗಳಿಗೂ ನಮ್ಮ ಆಡುಮಾತಿಗೂ ಎಷ್ಟು ಸಾಮ್ಯವಿದೆ ಎಂಬುದನ್ನು ಓದುಗರೇ ನೋಡಬಹುದು.

ಇಲ್ಲಿಯೇ ದೇವಶಾಸ್ತ್ರದ ಒಂದು ಮುಖ್ಯ ವಿಷಯವೂ ಅಡಗಿದೆ. ಅಪೊಸ್ತಲರ ಕೃತ್ಯಗಳು 22:16ರಲ್ಲಿ ಅನನೀಯನು ಸೌಲನಿಗೆ ಕೊಡುವ ಆಜ್ಞೆಯಲ್ಲಿ ‘ಬಪ್ತಿಸೈ’, ‘ಅಪೊಲೌಸೈ’ ಎಂಬ ಎರಡು ಕ್ರಿಯಾಪದಗಳಿವೆ, ಎರಡೂ ಆತ್ಮನೇಪದ. ಇಂಗ್ಲಿಷ್ ಭಾಷಾಂತರಗಳು ಮೊದಲನೆಯದನ್ನು ಸಾಮಾನ್ಯವಾಗಿ ಕರ್ಮಣಿಯಲ್ಲಿ ಹೇಳುತ್ತವೆ. ಕನ್ನಡ ಸಭೆಗಳ ಬಳಕೆಯಲ್ಲಿಯೋ ‘ದೀಕ್ಷಾಸ್ನಾನ ಮಾಡಿಸಿಕೊಳ್ಳು’ ಎಂಬುದೇ ರೂಢಿ. ತನಗೆ ತಾನೇ ದೀಕ್ಷಾಸ್ನಾನ ಕೊಟ್ಟುಕೊಳ್ಳುವವನು ಯಾರೂ ಇಲ್ಲ. ಆದರೆ ಕೈಕಾಲು ಕಟ್ಟಿ ನೀರಿಗಿಳಿಸಲ್ಪಟ್ಟವನಂತೆ ಸುಮ್ಮನಿರುವವನೂ ಅಲ್ಲ. ಕೇಳಿ, ಒಪ್ಪಿ, ಬೇರೊಬ್ಬನ ಕೈಯಿಂದ ಪಡೆಯುವವನು ಅವನು. ಕೃಪೆ ಮತ್ತು ಮನುಷ್ಯನ ಸಮ್ಮತಿ ಇವುಗಳ ಸಂಬಂಧವನ್ನು ಕುರಿತು ದೊಡ್ಡ ಗ್ರಂಥಗಳು ಹೇಳುವುದರಲ್ಲಿ ಒಂದಂಶವನ್ನು ‘ಮಾಡಿಸಿಕೊಳ್ಳು’ ಎಂಬ ಒಂದೇ ಪದ ಹಿಡಿದಿಟ್ಟಿದೆ. ಇಂತಹ ಪದವನ್ನು ಬಾಯಲ್ಲಿಟ್ಟುಕೊಂಡೇ ತರಗತಿಗೆ ಬಂದ ವಿದ್ಯಾರ್ಥಿಗೆ, ಅದನ್ನು ಮರೆತು ಇಂಗ್ಲಿಷಿನ ಎರಡು ಪ್ರಯೋಗಗಳ ಮೂಲಕ ಯೋಚಿಸು ಎಂದು ನಾವು ಕಲಿಸುತ್ತೇವೆ.

ತಪ್ಪು ವರ್ಗೀಕರಣವು ವಿವಾದಕ್ಕೆ ಎಡೆಕೊಟ್ಟ ಉದಾಹರಣೆಯೊಂದನ್ನು ಈಗ ನೋಡೋಣ. ಅನ್ಯಭಾಷೆಗಳ ವರದ ಕುರಿತು ನಮ್ಮ ಸಭೆಗಳಲ್ಲಿ ನಡೆಯುವ ವಾಗ್ವಾದಗಳಲ್ಲಿ 1 ಕೊರಿಂಥ 13:8 ಬಾರದೆ ಇರುವುದಿಲ್ಲ. ಅಲ್ಲಿ ಪ್ರವಾದನೆ, ಜ್ಞಾನಗಳ ವಿಷಯದಲ್ಲಿ ಕರ್ಮಣಿ ಕ್ರಿಯಾಪದವನ್ನು ಬಳಸಿದ ಪೌಲನು ಅನ್ಯಭಾಷೆಗಳ ವಿಷಯದಲ್ಲಿ ‘ಪೌಸೊಂತೈ’ ಎಂಬ ಆತ್ಮನೇಪದವನ್ನು ಬಳಸಿದ್ದಾನೆ. ಇದನ್ನು ಹಿಡಿದು ಕೆಲವರು, ಅನ್ಯಭಾಷೆಗಳು ತಮ್ಮಷ್ಟಕ್ಕೆ ತಾವೇ, ತಮ್ಮೊಳಗಿನ ಕಾರಣದಿಂದಲೇ, ಮೊದಲ ಶತಮಾನದಲ್ಲಿ ಆರಿಹೋಗುವಂಥವು ಎಂದು ವಾದಿಸಿದರು. ಅದಕ್ಕೆ ಪ್ರತಿವಾದಿಗಳು, ಈ ಕ್ರಿಯಾಪದ ಭವಿಷ್ಯತ್ಕಾಲದಲ್ಲಿ ‘ಡೆಪೊನೆಂಟ್’. ಆದಕಾರಣ ಪ್ರತ್ಯಯಕ್ಕೆ ಅರ್ಥವೇ ಇಲ್ಲ ಎಂದು ಉತ್ತರಿಸಿದರು. ಒಂದು ಪಕ್ಷ ಪ್ರತ್ಯಯದಿಂದ ಅತಿಯಾಗಿ ಹಿಂಡಿತು, ಇನ್ನೊಂದು ಪಕ್ಷ ಅದನ್ನು ಬಿಸಾಡಿತು. ಇಬ್ಬರೂ ಓದಿದ್ದು ಒಂದೇ ಬಗೆಯ ಪಠ್ಯಪುಸ್ತಕ.

ಕನ್ನಡ ಇದನ್ನು ಬೇರೆ ರೀತಿಯಲ್ಲಿ ಬಿಡಿಸುತ್ತದೆ. ‘ಪೌಓ’ ಎಂದರೆ ನಿಲ್ಲಿಸು; ‘ಪೌಒಮೈ’ ಎಂದರೆ ನಿಲ್ಲು. 1 ಪೇತ್ರ 3:10ರಲ್ಲಿ ಕೆಟ್ಟದ್ದನ್ನು ನುಡಿಯದಂತೆ ನಾಲಿಗೆಯನ್ನು ತಡೆಯಬೇಕೆನ್ನುವಲ್ಲಿ ಕರ್ತರಿ ರೂಪವಾದ ‘ಪೌಸತೋ’ ಇದೆ. ಆಶ್ಚರ್ಯವೆಂದರೆ ಅಲ್ಲಿಯೂ ಪದ ‘ಗ್ಲೋಸ್ಸ’ವೇ: ಒಂದು ಕಡೆ ನಾಲಿಗೆಯನ್ನು ಯಾರೋ ನಿಲ್ಲಿಸುತ್ತಾರೆ, ಇನ್ನೊಂದು ಕಡೆ ‘ನಾಲಿಗೆಗಳು’ ನಿಲ್ಲುತ್ತವೆ. ಇನ್ನು ನಿಲ್ಲುವುದೆಂದರೆ ತನ್ನಷ್ಟಕ್ಕೆ ತಾನೇ ನಿಲ್ಲುವುದೇ? ಲೂಕ 8:24ನ್ನು ನೋಡಿರಿ. ಗಾಳಿಯೂ ನೀರಿನ ಅಬ್ಬರವೂ ನಿಂತವು ಎಂಬಲ್ಲಿ ಅದೇ ಕ್ರಿಯಾಪದದ ಆತ್ಮನೇಪದ, ‘ಎಪೌಸಂತೊ’. ಅವು ನಿಂತದ್ದು ಯೇಸು ಗದರಿಸಿದ್ದರಿಂದ. ‘ಮಳೆ ನಿಂತಿತು’ ಎನ್ನುವ ಕನ್ನಡಿಗನು ಮಳೆಯ ಸ್ವಂತ ಸಂಕಲ್ಪದ ಬಗ್ಗೆ ಏನನ್ನೂ ಹೇಳುವುದಿಲ್ಲ. ನಿಲ್ಲಿಸಿದವರು ಯಾರೂ ಇಲ್ಲವೆಂದೂ ಹೇಳುವುದಿಲ್ಲ. ಪೌಲನ ಮಾತೂ ಅಷ್ಟೇ. ಅನ್ಯಭಾಷೆಗಳು ಎಂದು ನಿಲ್ಲುತ್ತವೆ ಎಂಬ ಪ್ರಶ್ನೆಗೆ ಆ ಅಧ್ಯಾಯದ ಮುಂದಿನ ವಚನಗಳಲ್ಲಿ ಉತ್ತರ ಹುಡುಕಬೇಕೇ ಹೊರತು ಪ್ರತ್ಯಯದಲ್ಲಿ ಅಲ್ಲ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೂ ಅವಶ್ಯ. ‘ಕೊಳ್ಳು’ ಮತ್ತು ಆತ್ಮನೇಪದ ಒಂದೇ ಅಲ್ಲ. ಬರು, ಹೋಗು, ಆಗು ಎಂಬವುಗಳಿಗೆ ಕನ್ನಡದಲ್ಲಿ ‘ಕೊಳ್ಳು’ ಸಾಮಾನ್ಯವಾಗಿ ಹತ್ತುವುದಿಲ್ಲ. ಗ್ರೀಕಿನಲ್ಲಿ ಅವು ಆತ್ಮನೇಪದಗಳು. ‘ಹಾಡಿಕೊಂಡು ಬಂದನು’ ಎಂಬಲ್ಲಿ ‘ಕೊಂಡು’ ಎಂಬುದು ಎರಡು ಕ್ರಿಯೆಗಳು ಒಟ್ಟಿಗೆ ನಡೆದುದನ್ನು ತೋರಿಸುತ್ತದೆಯೇ ವಿನಾ ಮತ್ತೇನನ್ನೂ ಅಲ್ಲ. ಒಂದು ಭಾಷೆಯ ಚೌಕಟ್ಟನ್ನು ಇನ್ನೊಂದಕ್ಕೆ ಬಲವಂತವಾಗಿ ಕೂಡಿಸಿದರೆ ಏನಾಗುತ್ತದೆಂಬುದು ಕನ್ನಡ ವ್ಯಾಕರಣದ ಚರಿತ್ರೆಯನ್ನು ಬಲ್ಲವರಿಗೆ ಹೊಸದಲ್ಲ. ಸಂಸ್ಕೃತಕ್ಕೆ ಏಳು ವಿಭಕ್ತಿಗಳಿರುವುದರಿಂದ ಕನ್ನಡಕ್ಕೂ ಏಳು ಬೇಕೆಂದು, ‘ದೆಸೆಯಿಂದ’ ಎಂಬುದನ್ನು ಪಂಚಮಿಯಾಗಿ ನಮ್ಮ ಶಾಲೆಗಳು ಇಂದಿಗೂ ಬಾಯಿಪಾಠ ಮಾಡಿಸುತ್ತವೆ. ಡಿ. ಎನ್. ಶಂಕರ ಭಟ್ಟರು ಈ ಬಗೆಯ ಎರವಲು ಚೌಕಟ್ಟುಗಳನ್ನು ಪ್ರಶ್ನಿಸಿಯೇ ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದರು. ಗ್ರೀಕಿಗೆ ಲ್ಯಾಟಿನ್ನಿನ ಅಂಗಿ ತೊಡಿಸಿದವರನ್ನು ಆಕ್ಷೇಪಿಸಿ ಅದಕ್ಕೆ ಕನ್ನಡದ ಅಂಗಿ ತೊಡಿಸುವುದು ನಮ್ಮ ಉದ್ದೇಶವಲ್ಲ. ತಿಳಿದದ್ದರಿಂದ ತಿಳಿಯದ್ದಕ್ಕೆ ದಾಟುವ ಸೇತುವೆಯಾಗಿ ಮಾತ್ರ ಕನ್ನಡ ಬೇಕು.

ಕಾಲ ಮತ್ತು ವಿಭಕ್ತಿ

ಕ್ರಿಯಾಪದದ ಕಾಲಗಳ ವಿಷಯದಲ್ಲಿಯೂ ಇಂಥದೇ ಪರಿಸ್ಥಿತಿ. ‘ಅಯೊರಿಸ್ಟ್’ ಎಂಬ ರೂಪವು ಒಂದೇ ಸಲ, ಒಂದೇ ಕ್ಷಣದಲ್ಲಿ, ಶಾಶ್ವತವಾಗಿ ನಡೆದುಹೋದ ಕ್ರಿಯೆಯನ್ನು ಸೂಚಿಸುತ್ತದೆಂದು ಬಹುಕಾಲ ಕಲಿಸಲಾಯಿತು. ಅದನ್ನು ನಂಬಿ ಮಾಡಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಫ್ರಾಂಕ್ ಸ್ಟ್ಯಾಗ್ ಅವರು 1972ರಲ್ಲಿ ಬರೆದ ಲೇಖನವೊಂದು ಈ ದುರ್ಬಳಕೆಯನ್ನು ಬಯಲಿಗೆಳೆಯಿತು. ವಾಸ್ತವವಾಗಿ ಹೊಸ ಒಡಂಬಡಿಕೆಯೇ ಇದಕ್ಕೆ ವಿರೋಧವಾಗಿದೆ: ಯೋಹಾನ 2:20ರಲ್ಲಿ ದೇವಾಲಯವು 46 ವರ್ಷ ಕಟ್ಟಲ್ಪಟ್ಟಿತೆನ್ನುವ ಕ್ರಿಯಾಪದ ಅಯೊರಿಸ್ಟ್, ರೋಮಾ 5:14ರಲ್ಲಿ ಆದಾಮನಿಂದ ಮೋಶೆಯವರೆಗೆ ಮರಣವು ಆಳಿತೆನ್ನುವ ಕ್ರಿಯಾಪದವೂ ಅಯೊರಿಸ್ಟ್. ಗ್ರೀಕಿನಲ್ಲಿ ಆ ಹೆಸರಿಗೆ ‘ಗಡಿ ಹಾಕದ್ದು’ ಎಂದೇ ಅರ್ಥ. ಕನ್ನಡದ ‘ಆಳಿದನು’ ಎಂಬ ಸಾಮಾನ್ಯ ಭೂತಕಾಲ ಒಂದು ದಿನದ ಆಳ್ವಿಕೆಗೂ ನಲವತ್ತು ವರ್ಷದ ಆಳ್ವಿಕೆಗೂ ಸಲ್ಲುವಂತೆ ಇದೂ ಸಲ್ಲುತ್ತದೆ.

‘ಪರ್ಫೆಕ್ಟ್’ ರೂಪದಲ್ಲಿ ಕನ್ನಡದ ಅನುಕೂಲ ಇನ್ನೂ ಸ್ಪಷ್ಟ. 1 ಕೊರಿಂಥ 15:3–4ರಲ್ಲಿ ಪೌಲನು ತಾನು ಪಡೆದು ಒಪ್ಪಿಸಿಕೊಟ್ಟ ಸುವಾರ್ತೆಯನ್ನು ಹೇಳುವಾಗ ಕ್ರಿಸ್ತನ ಮರಣಕ್ಕೆ ‘ಅಪೆಥನೆನ್’, ಹೂಣಿಡುವಿಕೆಗೆ ‘ಎತಫೇ’ ಎಂಬ ಅಯೊರಿಸ್ಟ್‌ಗಳನ್ನು ಬಳಸಿ, ಪುನರುತ್ಥಾನಕ್ಕೆ ಬರುವಾಗ ‘ಎಗೇಗೆರ್ತೈ’ ಎಂಬ ಪರ್ಫೆಕ್ಟಿಗೆ ತಿರುಗುತ್ತಾನೆ. ಪ್ರಚಲಿತ ಇಂಗ್ಲಿಷ್ ಭಾಷಾಂತರಗಳಲ್ಲಿ ಹಲವು ಮೂರನ್ನೂ ಒಂದೇ ಬಗೆಯ ಭೂತಕಾಲದಲ್ಲಿ ಹೇಳುತ್ತವೆ. ಕನ್ನಡದಲ್ಲಿ ನಾವು ಸತ್ತನು, ಹೂಣಲ್ಪಟ್ಟನು ಎಂದು ಹೇಳಿ, ಆಮೇಲೆ ‘ಎದ್ದನು’ ಎನ್ನದೆ ‘ಎದ್ದಿದ್ದಾನೆ’ ಎನ್ನಬಹುದು. ಕರ್ಮಣಿಯನ್ನು ಉಳಿಸಿಕೊಂಡರೆ ‘ಎಬ್ಬಿಸಲ್ಪಟ್ಟಿದ್ದಾನೆ’. ಎದ್ದವನು ಎದ್ದೇ ಇದ್ದಾನೆ ಎಂಬ ವಿಶ್ವಾಸದ ಮಾತು ‘ಇದ್ದಾನೆ’ ಎಂಬ ಬಾಲದಲ್ಲಿ ಬರುತ್ತದೆ. ಕಾಲರೂಪಗಳ ಸ್ವರೂಪದ ಬಗ್ಗೆ ಸ್ಟ್ಯಾನ್ಲಿ ಪೋರ್ಟರ್ ಅವರ 1989ರ ಗ್ರಂಥಕ್ಕೂ ಬ್ಯೂಸ್ಟ್ ಫ್ಯಾನಿಂಗ್ ಅವರ 1990ರ ಗ್ರಂಥಕ್ಕೂ ಇರುವ ಭಿನ್ನಾಭಿಪ್ರಾಯವನ್ನು ಆರಂಭದ ಪುಸ್ತಕಕ್ಕೆ ಎಳೆದು ತರಬೇಕಾಗಿಲ್ಲವೆಂಬುದು ನಮ್ಮ ಅಭಿಪ್ರಾಯ. ಮಾಡಿದನು, ಮಾಡುತ್ತಿದ್ದನು, ಮಾಡಿದ್ದಾನೆ ಎಂಬ ಮೂರು ನೋಟಗಳನ್ನು ಸರಿಯಾಗಿ ಹಿಡಿದರೆ ಮೊದಲ ವರ್ಷಕ್ಕೆ ಸಾಕು.

ವಿಭಕ್ತಿಗಳ ಪಟ್ಟಿಯ ಕ್ರಮವೂ ತೊಡಕಿನದೇ. ವೆನ್‌ಹ್ಯಾಮ್ ಅವರ ಪುಸ್ತಕದಲ್ಲಿ ಪ್ರಥಮೆ, ಸಂಬೋಧನೆಗಳ ಬಳಿಕ ದ್ವಿತೀಯೆ. ಮೇಚನ್ ಅವರಲ್ಲಿ ಪ್ರಥಮೆಯ ಬೆನ್ನಿಗೇ ಷಷ್ಠಿ. ಬ್ರಿಟನ್ನಿನ ಕ್ರಮ 1866ರಲ್ಲಿ ಬಂದ ಕೆನಡಿಯವರ ಲ್ಯಾಟಿನ್ ಪ್ರೈಮರಿನಿಂದ ಶಾಲೆಗಳಲ್ಲಿ ನೆಲೆಯೂರಿತು. ಅಮೆರಿಕದವರು ಹಳೆಯ ಕ್ರಮವನ್ನೇ ಉಳಿಸಿಕೊಂಡರು. ನಮ್ಮ ಗ್ರಂಥಾಲಯಗಳಲ್ಲಿ ಎರಡೂ ದೇಶಗಳ ಪುಸ್ತಕಗಳಿರುವುದರಿಂದ ಒಬ್ಬನೇ ವಿದ್ಯಾರ್ಥಿ ಎರಡು ರಾಗಗಳಲ್ಲಿ ಒಂದೇ ಪಟ್ಟಿಯನ್ನು ಹಾಡುವಂತಾಗುತ್ತದೆ. ನಮ್ಮ ಶಾಲೆಯ ಪ್ರಥಮಾ, ದ್ವಿತೀಯಾ ಕ್ರಮವನ್ನೇ ಇಟ್ಟುಕೊಂಡರೆ ಒಂದು ಲಾಭವಿದೆ. ಗ್ರೀಕಿನ ಚತುರ್ಥಿಯ ರೂಪದೊಳಗೆ ಹಿಂದಿನ ತೃತೀಯೆಯೂ ಸಪ್ತಮಿಯೂ, ಷಷ್ಠಿಯ ರೂಪದೊಳಗೆ ಪಂಚಮಿಯೂ ಸೇರಿಹೋಗಿವೆ. ರಾಬರ್ಟ್‌ಸನ್ ಅವರು ಗ್ರೀಕಿಗೆ ಎಂಟು ವಿಭಕ್ತಿಗಳೆಂದು ಹೇಳಿದ್ದು ಇದಕ್ಕಾಗಿಯೇ. ಎಫೆಸ 2:8ರ ‘ಖರಿತಿ’ ಎಂಬುದು ಕೃಪೆಗೆ ಎಂದಲ್ಲ, ಕೃಪೆಯಿಂದ ಎಂದು ಏಕೆ ಆಗುತ್ತದೆ, ಮತ್ತಾಯ 3:11ರಲ್ಲಿ ಪವಿತ್ರಾತ್ಮನಲ್ಲಿಯೋ ಪವಿತ್ರಾತ್ಮನಿಂದಲೋ ಎಂಬ ಸಂದೇಹ ಏಕೆ ಹುಟ್ಟುತ್ತದೆ ಎಂಬುದನ್ನು ಏಳು ವಿಭಕ್ತಿಗಳನ್ನು ಕಲಿತವನಿಗೆ ಒಂದೇ ವಾಕ್ಯದಲ್ಲಿ ವಿವರಿಸಬಹುದು. ‘ಪಂಚಮಿ ಕನ್ನಡದ್ದಲ್ಲ’ ಎಂದು ಈಗಷ್ಟೇ ಆಕ್ಷೇಪಿಸಿದವರು ಅದೇ ಪಟ್ಟಿಯಿಂದ ಲಾಭ ಪಡೆಯುವುದೇ ಎಂದು ಯಾರಾದರೂ ಕೇಳಿದರೆ, ಪಡೆಯಬಹುದು ಎಂದೇ ನಮ್ಮ ಉತ್ತರ.

ಲ್ಯಾಟಿನ್ ಏಕೆ?

ಪ್ರೊಟೆಸ್ಟೆಂಟ್ ಸೆಮಿನರಿಗಳಲ್ಲಿ ಲ್ಯಾಟಿನ್ ವಿರಳ. ಕಥೋಲಿಕ ಸಭೆಯಲ್ಲಿಯೂ, 1962ರ ಫೆಬ್ರುವರಿಯಲ್ಲಿ 23ನೆಯ ಯೋಹಾನ ಪೋಪರು ಲ್ಯಾಟಿನ್ ಬೋಧನೆಯನ್ನು ಬಲಪಡಿಸಲು ಹೊರಡಿಸಿದ ಆಜ್ಞೆಯ ಕೆಲವೇ ವರ್ಷಗಳಲ್ಲಿ ಅದು ಹಿಂದೆ ಸರಿಯಿತು. ಇದ್ದರೂ ನಮ್ಮ ದೇವಶಾಸ್ತ್ರದ ಎಷ್ಟೋ ಪ್ರಶ್ನೆಗಳು ಗ್ರೀಕಿನಿಂದ ಲ್ಯಾಟಿನ್ನಿಗೆ ದಾಟುವ ಹೊಳೆಯಲ್ಲಿಯೇ ಹುಟ್ಟಿವೆ. ರೋಮಾ 5:12ರ ಕೊನೆಯ ಭಾಗದಲ್ಲಿ ಗ್ರೀಕ್ ‘ಎಫ್ ಹೋ’ ಎನ್ನುತ್ತದೆ. ಅದನ್ನು ‘ಏಕೆಂದರೆ’ ಎಂಬ ಅರ್ಥದಲ್ಲಿ ತೆಗೆದುಕೊಳ್ಳುವವರೇ ಇಂದು ಹೆಚ್ಚು. ಲ್ಯಾಟಿನ್ ಭಾಷಾಂತರವು ಅದನ್ನು ‘ಇನ್ ಕ್ವೋ’ ಎಂದಿತು. ‘ಅಂಬ್ರೋಸಿಯಾಸ್ಟರ್’ ಎಂದು ಈಗ ಕರೆಯಲಾಗುವ 4ನೆಯ ಶತಮಾನದ ವ್ಯಾಖ್ಯಾನಕಾರನೂ ಅವನನ್ನು ಅನುಸರಿಸಿ ಅಗಸ್ಟೀನನೂ ಅದನ್ನು ‘ಅವನಲ್ಲಿ’, ಅಂದರೆ ಆದಾಮನಲ್ಲಿ, ಎಲ್ಲರೂ ಪಾಪಮಾಡಿದರೆಂದು ಓದಿದರು. ಬಾಲ್ಯದಲ್ಲಿ ತನಗೆ ಗ್ರೀಕ್ ಪಾಠ ಹಿಡಿಸುತ್ತಿರಲಿಲ್ಲವೆಂದು ಅಗಸ್ಟೀನನೇ ತನ್ನ ಆತ್ಮನಿವೇದನೆಯಲ್ಲಿ ಹೇಳಿಕೊಂಡಿದ್ದಾನೆ. ಜನ್ಮಪಾಪದ ಬೋಧನೆ ಈ ಒಂದು ಪದದ ಮೇಲೆ ಮಾತ್ರ ನಿಂತಿಲ್ಲ. ಅದನ್ನು ಹಾಗೆ ಉರುಳಿಸಿಬಿಡುವ ಆತುರ ನಮಗಿಲ್ಲ. ಆದರೆ ಈ ಓದು ಹೇಗೆ ಸಾಧ್ಯವಾಯಿತೆಂದು ತಿಳಿಯಲು ‘ಕ್ವೋ’ ಎಂಬುದು ಪುಲ್ಲಿಂಗವೂ ಆಗಬಹುದು, ನಪುಂಸಕವೂ ಆಗಬಹುದು ಎಂಬಷ್ಟು ಲ್ಯಾಟಿನ್ನಾದರೂ ಬೇಕು. ಕನ್ನಡಕ್ಕೆ ತರುವಾಗ ‘ಯಾವನಲ್ಲಿ’, ‘ಯಾವುದರಲ್ಲಿ’ ಎಂಬ ಎರಡರಲ್ಲಿ ಒಂದನ್ನು ಆರಿಸಲೇಬೇಕಾದವರು ನಾವು. ಲ್ಯಾಟಿನ್ ಓದುಗನಿಗೆ ಆ ನಿರ್ಬಂಧವಿರಲಿಲ್ಲ.

ಪಶ್ಚಾತ್ತಾಪ, ಮಾನಸಾಂತರ ಎಂಬ ನಮ್ಮ ಎರಡು ಪದಗಳ ಹಿಂದೆಯೂ ಇಂಥದೇ ಇತಿಹಾಸವಿದೆ. ಮತ್ತಾಯ 4:17ರ ಗ್ರೀಕ್ ಪದವು ಮನಸ್ಸು ತಿರುಗುವುದನ್ನು ಹೇಳಿದರೆ, ಪ್ರಾಯಶ್ಚಿತ್ತ ಮಾಡುವುದನ್ನು ಹೇಳುವಂತೆ ಲ್ಯಾಟಿನ್ ಕೇಳಿಸಿತು. ಲೊರೆಂಝೊ ವಾಲ್ಲಾ ಇದನ್ನು ಎತ್ತಿ ತೋರಿಸಿದನು, ಎರಾಸ್ಮಸನು 1519ರ ಆವೃತ್ತಿಯಲ್ಲಿ ಬೇರೆ ಲ್ಯಾಟಿನ್ ಪದವನ್ನು ಹಾಕಿದನು. ಲೂಥರನ 1517ರ ಮೊದಲನೆಯ ಸಿದ್ಧಾಂತವೇ ಈ ಪದವನ್ನು ಕುರಿತದ್ದು. ಜನಪ್ರಿಯವಾದ ವೀಲಕ್ ಅವರ 1956ರ ಲ್ಯಾಟಿನ್ ಪಠ್ಯಪುಸ್ತಕದಲ್ಲಿ ಸಿಸೆರೋ ಮೊದಲಾದವರ ವಾಕ್ಯಗಳು ಧಾರಾಳ. ದೇವಶಾಸ್ತ್ರದ ವಿದ್ಯಾರ್ಥಿಗೆ ಬೇಕಾದದ್ದಾದರೋ 1985ರಲ್ಲಿ ಬಂದ ಜಾನ್ ಕಾಲಿನ್ಸ್ ಅವರ ಸಭಾ ಲ್ಯಾಟಿನ್ ಪುಸ್ತಕದ ಮಾದರಿ.

ಉಚ್ಚಾರಣೆಯ ಬಗ್ಗೆ ಒಂದೆರಡು ಮಾತು. ಗ್ರೀಕಿನಲ್ಲಿ ಹ್ರಸ್ವ ಎಕಾರಕ್ಕೂ ದೀರ್ಘ ಏಕಾರಕ್ಕೂ, ಒಕಾರಕ್ಕೂ ಓಕಾರಕ್ಕೂ ಬೇರೆ ಬೇರೆ ಅಕ್ಷರಗಳಿವೆ. ಕನ್ನಡ ಲಿಪಿಯಲ್ಲಿಯೂ ಇವೆ. ಪ್ರಾಚೀನ ಗ್ರೀಕಿನ ಮಹಾಪ್ರಾಣಗಳಿಗೆ ಫ, ಥ, ಖ ಸಿದ್ಧವಾಗಿವೆ. ರೋಮನ್ ಲಿಪಿಯಲ್ಲಿ ಉಚ್ಚಾರಣೆ ಬರೆದುಕೊಳ್ಳುವ ನಮ್ಮ ವಿದ್ಯಾರ್ಥಿಗಳು ಕೈಯಲ್ಲಿರುವ ಈ ಸೌಕರ್ಯವನ್ನು ಏಕೆ ಬಿಡಬೇಕು? ಐಗುಪ್ತದ ಆಕ್ಸಿರಿಂಖಸ್‌ನಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನವೊಂದರಲ್ಲಿ ಭಾರತೀಯರು ಆಡುವ ಕೆಲವು ಮಾತುಗಳು ಹಳೆಗನ್ನಡವಿರಬಹುದೆಂದು ಹುಲ್ಟ್ಶ್ ಅವರು 1904ರಲ್ಲಿ ಸೂಚಿಸಿದ್ದು, ಅನಂತರ ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಅದನ್ನು ಚರ್ಚಿಸಿದ್ದು ಕನ್ನಡ ಓದುಗರಿಗೆ ಗೊತ್ತು. ಅದು ನಿಜವಾದರೆ ಕನ್ನಡವನ್ನು ಗ್ರೀಕ್ ಅಕ್ಷರಗಳಲ್ಲಿ ಬರೆದವನು ನಮಗಿಂತ ಬಹಳ ಮೊದಲೇ ಈ ಕೆಲಸ ಮಾಡಿದ್ದನು.

ಹಾಗಾದರೆ ಪರಿಷ್ಕೃತ ಪುಸ್ತಕ ಹೇಗಿರಬೇಕು? ‘ಡೆಪೊನೆಂಟ್’ ಎಂಬ ಪದವನ್ನು ಅಡಿಟಿಪ್ಪಣಿಗೆ ಇಳಿಸಬೇಕು. ಪೂರ್ತಿ ತೆಗೆಯಬಾರದು, ಏಕೆಂದರೆ ಹಳೆಯ ನಿಘಂಟುಗಳನ್ನು ವಿದ್ಯಾರ್ಥಿ ಓದಲೇಬೇಕು. ‘-ಒಮೈ’ ಕ್ರಿಯಾಪದಗಳನ್ನು ಅಪವಾದಗಳ ಪಟ್ಟಿಯಲ್ಲಿ ಅಲ್ಲ, ಆತ್ಮನೇಪದದ ಪಾಠದಲ್ಲಿಯೇ ಕಲಿಸಬೇಕು; ಆ ಪಾಠ ಈಗಿರುವಂತೆ ಪುಸ್ತಕದ ನಡುವಿನಲ್ಲಲ್ಲದೆ ಮೊದಲ ತಿಂಗಳಲ್ಲೇ ಬರಬೇಕು. ಪ್ರತಿಯೊಂದು ಪದಪಟ್ಟಿಯಲ್ಲಿ ಅರ್ಥವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸದೆ ಗ್ರೀಕಿನಿಂದ ನೇರವಾಗಿ ಕನ್ನಡಕ್ಕೆ ಕೊಡಬೇಕು. ‘ಕೊಳ್ಳು’ ಹೊಂದದ ಕಡೆ ಹೊಂದುವುದಿಲ್ಲವೆಂದು ಸ್ಪಷ್ಟವಾಗಿ ಗುರುತಿಸಬೇಕು. ಇದಕ್ಕೆ ಕಿಟೆಲ್ ಅವರ 1894ರ ನಿಘಂಟು ಇಂದಿಗೂ ಸಹಾಯಕ್ಕೆ ಬರುತ್ತದೆ. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದ ಆ ಮಿಶನರಿಗೆ ಎರಡು ವ್ಯಾಕರಣ ಪರಂಪರೆಗಳ ನಡುವಿನ ಓಡಾಟ ಚೆನ್ನಾಗಿ ತಿಳಿದಿತ್ತು.

ಪ್ರಶ್ನಪತ್ರಿಕೆಯೂ ಜೊತೆಯಲ್ಲಿ ಬದಲಾಗದಿದ್ದರೆ ಪುಸ್ತಕ ಬದಲಾಗಿಯೂ ಪ್ರಯೋಜನವಿಲ್ಲ. ‘ಈ ಕ್ರಿಯಾಪದದ ರೂಪವನ್ನು ಗುರುತಿಸಿರಿ’ ಎಂಬ ಪ್ರಶ್ನೆಗೆ ‘ಡೆಪೊನೆಂಟ್’ ಎಂದು ಬರೆದವನಿಗೆ ಪೂರ್ಣ ಅಂಕಗಳು ಸಿಗುವವರೆಗೆ ಅವನು ಬೇರೆಯದನ್ನು ಕಲಿಯಬೇಕಾದ ಕಾರಣವಿಲ್ಲ. ಅದರ ಬದಲು ಯೋಹಾನ 13ರ ಎರಡು ವಚನಗಳನ್ನು ಕೊಟ್ಟು, ತೊಳೆ, ತೊಳೆದುಕೊ, ತೊಳೆಸಿಕೊ ಎಂಬ ಮೂರರಲ್ಲಿ ಯಾವುದು ಎಲ್ಲಿ ಸಲ್ಲುತ್ತದೆ, ಏಕೆ ಎಂದು ಕೇಳಬಹುದು. ಮೊದಲ ವರ್ಷದ ಕೊನೆಯ ಪರೀಕ್ಷೆಗೆ ಐದು ಅಂಕಗಳ ಪ್ರಶ್ನೆಯಾಗಿ ಅದು ಸಾಕು.